ಗಾರೆಯ ಬಲ ಅಲ್ಲ, ಅಂಟು ಮುಖ್ಯ

ಇಟ್ಟಿಗೆ ಗೋಡೆ ಕಟ್ಟುವ ಬಗ್ಗೆ ಬಂದ ಲೇಖನದಲ್ಲಿ, ಗಾರೆಗೆ ಸಿಮೆಂಟ್ ಜಾಸ್ತಿ ಹಾಕಿದಷ್ಟೂ ಗೋಡೆ ಗಟ್ಟಿ ಅಂತ ಇದೆ. ನಮ್ಮ ಇಟ್ಟಿಗೆಗೆ ಈ ಮಾತು ಅಷ್ಟಾಗಿ ಒಪ್ಪುವುದಿಲ್ಲ. ಗೋಡೆಯ ಬಲದ ಬಗ್ಗೆ ಹೊರದೇಶದವರು ಹಾಕುವ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಇಟ್ಟಿಗೆ ಗಟ್ಟಿ, ಗಾರೆ ಮೆತ್ತಗೆ. ಬೆಂಗಳೂರು ಸುತ್ತಮುತ್ತಲಿನ ಕೈಯಚ್ಚಿನ ಇಟ್ಟಿಗೆಯಲ್ಲಿ ಅದು ಹೆಚ್ಚಾಗಿ ಉಲ್ಟಾ. ಭಾರತೀಯ ವಿಜ್ಞಾನ ಸಂಸ್ಥೆಯ ವೆಂಕಟರಾಮ ರೆಡ್ಡಿ, ಜಗದೀಶ್ ಅವರು ಸಾರಂಗಪಾಣಿಯವರ ಜೊತೆ ಮಾಡಿದ ಪರೀಕ್ಷೆಗಳು 2005ರಲ್ಲಿ ಪ್ರಕಟವಾದವು. ಗಾರೆಯ ಬಲವನ್ನು ಬದಲಿಸದೆ, ಇಟ್ಟಿಗೆಗೂ ಗಾರೆಗೂ ಇರುವ ಅಂಟನ್ನಷ್ಟೇ ಹೆಚ್ಚಿಸಿ ನೋಡಿದರು. ಗಾರೆ ಹಾಕಿ ಕಟ್ಟಿದ ಇಟ್ಟಿಗೆಗಳು ತಾಳುವ ಭಾರವೂ ಹೆಚ್ಚಾಯಿತು! ಎಷ್ಟು ಸರಳ, ಎಷ್ಟು ಉಪಯೋಗದ ಮಾತು ಅಲ್ವಾ?

ನಮ್ಮ ಹಳೇ ಅಡುಗೆಮನೆ ಗೋಡೆ ಕೆಡವಿದಾಗ ಇದನ್ನು ಕಣ್ಣಾರೆ ಕಂಡೆ. ಇಟ್ಟಿಗೆ ಸುಮ್ನೆ ಕೈಯಲ್ಲಿ ಎತ್ತಿದರೆ ಬರುತ್ತಿತ್ತು. ಕೆಳಗಿನ ಗಾರೆ ಕಲ್ಲಿನ ಹಾಗೆ ಗಟ್ಟಿ. ಆದರೆ ಅದರ ಮೇಲೆ ಇಟ್ಟಿಗೆಯ ಅಚ್ಚು ನುಣ್ಣಗೆ ಮೂಡಿತ್ತು, ಒಂದು ಚೂರೂ ಅಂಟಿರಲಿಲ್ಲ. ಇಟ್ಟಿಗೆ ನೆನೆಸದೆ ಕಟ್ಟಿದ್ದರು ಅಂತ ಆಮೇಲೆ ಅಪ್ಪ ಹೇಳಿದರು. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಬಿಡುತ್ತದೆ, ಅಂಟು ಕೂರುವುದೇ ಇಲ್ಲ. ಹಾಗಂತ ತೊಟ್ಟಿಕ್ಕುವಷ್ಟು ನೆನೆದರೂ ಅಂಟು ಕಡಿಮೆ.

ದಯವಿಟ್ಟು ಇಟ್ಟಿಗೆ ನೆನೆಸುವ ವಿಷಯವನ್ನು ಲೇಖನಕ್ಕೆ ಸೇರಿಸಿ. ಮನೆ ಕಟ್ಟಿಸುವವರು ಇದನ್ನೇ ಓದಿ ಮೇಸ್ತ್ರಿಗೆ ಹೇಳುತ್ತಾರೆ.