ಅಪ್ಪ ಮತ್ತು ಪಂಪಿನ ಸ್ವಿಚ್ಚು

ನಿನ್ನೆ ರಾತ್ರಿ ನಮ್ಮ ಮನೆಯಲ್ಲಿ ನೂರಾರು ಮರಿಗಳು ಹುಟ್ಟಿ, ಹತ್ತು ನಿಮಿಷದೊಳಗೆ ಫಿಲ್ಟರಿನ ಪಾಲಾದವು. ಬೆಳಿಗ್ಗೆಯಿಂದ ನಾನೂ ಅಪ್ಪನೂ ಮುಖ ಕೊಟ್ಟು ಮಾತಾಡಿಲ್ಲ.

ನಡುಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಒಂದು ಜೋಡಿ ಕ್ಲೌನ್ ಮೀನುಗಳಿವೆ. ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕಾವಲಿರುವುದರಿಂದ, ನಮ್ಮ ಹವಳದ ದಿಬ್ಬದಲ್ಲಿ ಹವಳವೊಂದನ್ನು ಬಿಟ್ಟು ಉಳಿದೆಲ್ಲವೂ ಇದೆ. ಜೋಡಿಯಲ್ಲಿ ದೊಡ್ಡದು ಹೆಣ್ಣು. ಅದೂ ಮೊದಲು ಗಂಡಾಗಿದ್ದು ಆಮೇಲೆ ಬಡ್ತಿ ಪಡೆದದ್ದು. ತೊಟ್ಟಿಯೊಳಗಿನ ಹೆಂಚಿನ ಮೇಲೆ ಮೊಟ್ಟೆಯಿಟ್ಟು ಅದು ಯಜಮಾನಿಕೆಗೆ ಹೊರಟರೆ, ಬಾಯಿಂದ ಒರೆಸುತ್ತಾ, ರೆಕ್ಕೆ ಬೀಸಿ ಹೊಸ ನೀರು ಹಾಯಿಸುತ್ತಾ ವಾರವಿಡೀ ಕಾಯುವುದು ಹೆಚ್ಚಾಗಿ ಚಿಕ್ಕ ಗಂಡಿನ ಪಾಡು.

ಅಪ್ಪನಿಗೆ ಖಾಲಿ ಕೋಣೆಯಲ್ಲಿ ದೀಪ ಉರಿದರೆ ಮೈಯುರಿ. ಮಲಗುವ ಮುನ್ನ ಮನೆಯ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಆರಿಸುತ್ತಾ ಬರುವುದು ಅವರಿಗೆ ಸಂಧ್ಯಾವಂದನೆಯಷ್ಟೇ ನಿಷ್ಠೆಯ ಕೆಲಸ. ನನ್ನ ಮೊಬೈಲಿನ ಚಾರ್ಜರ್, ವೈಫೈ, ಹಿಟ್ಟು ರುಬ್ಬುತ್ತಿರುವಾಗಲೇ ಗ್ರೈಂಡರ್, ಕೊನೆಗೆ ತೊಟ್ಟಿಯ ಪಂಪು. “ಮೀನು ಮಲಗಿದ ಮೇಲೆ ಅದಕ್ಕೇಕೆ ಕರೆಂಟು?” ಪಂಪು ನಿಂತರೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆಂದು ಆರು ತಿಂಗಳು ಹೇಳಿದೆ, ಜಗಳವಾಡಿದೆ, ಸ್ವಿಚ್ಚಿಗೆ ಕೆಂಪು ಟೇಪು ಸುತ್ತಿದೆ. ಟೇಪನ್ನು ನೀಟಾಗಿ ಬಿಡಿಸಿ, ಆರಿಸಿ, ಮತ್ತೆ ಸುತ್ತಿಡುತ್ತಿದ್ದರು.

ನಿನ್ನೆ ಮೊಟ್ಟೆಗಳಲ್ಲಿ ಬೆಳ್ಳಿಯಂಥ ಕಣ್ಣುಗಳು ಹೊಳೆದವು. ದೀಪವಾರಿಸಿದ ಮೇಲಿನ ಕತ್ತಲಲ್ಲೇ ಅವು ಒಡೆಯುವುದು. ಮರಿಗಳನ್ನು ಪಂಪು ಎಳೆದುಕೊಳ್ಳದಿರಲೆಂದು ನಾನೇ ಅದನ್ನು ನಿಲ್ಲಿಸಿ, ಟಾರ್ಚಿನ ಬೆಳಕಿಗೆ ಅವು ಒಂದು ಮೂಲೆಯಲ್ಲಿ ಗುಂಪಾಗುವಂತೆ ಮಾಡಿ, ಕೊಳವೆಯಿಂದ ಇಳಿಸಿಕೊಳ್ಳಲು ಬಕೆಟ್ ತರಲು ಬಚ್ಚಲಿಗೆ ಹೋದೆ. ಬಕೆಟ್ಟಿನಲ್ಲಿ ಬಟ್ಟೆ ನೆನೆದಿತ್ತು. ಅದನ್ನು ಖಾಲಿ ಮಾಡಿ, ತೊಳೆದು, ಹಿಂತಿರುಗುವಷ್ಟರಲ್ಲಿ ನಡುಮನೆಯ ಎಲ್ಲ ದೀಪಗಳೂ ಝಗಝಗಿಸುತ್ತಿದ್ದವು; ಪಂಪು ಗೊರಗೊರ ಓಡುತ್ತಿತ್ತು. ಪಕ್ಕದಲ್ಲಿ ಅಪ್ಪ, ಪರೀಕ್ಷೆ ಪಾಸಾದ ಹುಡುಗನ ಮುಖ ಹೊತ್ತು ನಿಂತಿದ್ದರು.

“ಪಂಪು ನಿಂತುಹೋಗಿತ್ತು ಕಣೋ. ನಾನು ನೋಡದಿದ್ದರೆ ಏನಾಗ್ತಿತ್ತು?”

ಮರಿಗಳ ಮೊದಲ ಊಟಕ್ಕೆಂದು ರೋಟಿಫರ್ ಎಂಬ ಸೂಕ್ಷ್ಮಜೀವಿಗಳನ್ನು ಸಾಕಿದ್ದ ಹಸಿರು ಬಾಟಲಿಗಳು ಅಡುಗೆಕಟ್ಟೆಯ ಮೇಲೆ ಉಣ್ಣುವವರಿಲ್ಲದೆ ಕುಳಿತಿವೆ. ಬೆಳಿಗ್ಗೆ ಗಂಡುಮೀನು ಬರಿಯ ಹೆಂಚಿಗೆ ಇನ್ನೂ ರೆಕ್ಕೆ ಬೀಸುತ್ತಿತ್ತು. ಎದುರಿಗೆ ಕುರ್ಚಿ ಹಾಕಿಕೊಂಡು, ಪೇಪರನ್ನೂ ಬಿಡಿಸದೆ, ಅಪ್ಪ ಬಹಳ ಹೊತ್ತು ಅದನ್ನೇ ನೋಡುತ್ತಾ ಕುಳಿತಿದ್ದರು. ಆಮೇಲೆ ಎದ್ದು, ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ಬದಲಿಸಿದ ಗುರುತಿನ ಕೆಳಗೆ, ಎರಡು ವಾರದಾಚೆಯ ತಾರೀಖಿಗೆ ಸುತ್ತು ಹಾಕಿ “ಮೊಟ್ಟೆ” ಎಂದು ಬರೆದರು.

ನನ್ನ ಕೋಪ ಅರ್ಧ ಇಳಿಯಿತು. ಉಳಿದರ್ಧವನ್ನೂ ಇಳಿಸಿಕೊಳ್ಳೋಣವೆಂದು ಸ್ನಾನಕ್ಕೆ ಹೋದರೆ, ಗೀಜರ್ ಆರಿಸಿದ್ದರು.