16,000 ಡಿಪಿಐ ಮತ್ತು ಅಪ್ಪನ ಹೆಬ್ಬೆರಳು

ಗೇಮಿಂಗ್ ಮೌಸನ್ನು ಗೇಮ್ ಆಡುವವರೇ ಕೊಳ್ಳುತ್ತಾರೆ ಅಂತೇನಿಲ್ಲ. ಚಪ್ಪಟೆ ಮೌಸಿನಲ್ಲಿ ದಿನವಿಡೀ ಎಕ್ಸೆಲ್ ಉಜ್ಜಿ ಉಜ್ಜಿ ಮಣಿಕಟ್ಟು ಹಿಡಿದುಕೊಂಡ ನನ್ನಂಥವರೂ ಕೊಳ್ಳುತ್ತಾರೆ. ವೈರ್ ಇರೋದೇ ಬೇಕು ಅಂತ ಮೊದಲೇ ತೀರ್ಮಾನಿಸಿದ್ದೆ. ಚಾರ್ಜ್ ಮಾಡುವ ತಲೆನೋವಿಲ್ಲ, ಜೊತೆಗೆ ಯಾರೂ ಎತ್ತಿಕೊಂಡು ಹೋಗಿ ಸೋಫಾ ಸಂದಿಗೆ ಸೇರಿಸುವ ಹಾಗಿಲ್ಲ.

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ ಹುಡುಗ, "ಸಾರ್, 16,000 ಡಿಪಿಐ!" ಅಂದ, ಸಂತೆಯಲ್ಲಿ ಎಮ್ಮೆ ಎಷ್ಟು ಲೀಟರ್ ಕೊಡುತ್ತೆ ಅಂತ ಹೇಳುವ ಗತ್ತಿನಲ್ಲಿ. ಸುಮ್ನೆ ಲೆಕ್ಕ ಹಾಕಿ. ಅಷ್ಟಕ್ಕೆ ಇಟ್ಟರೆ ಮೌಸ್ ಒಂದಿಂಚು ಸರಿದರೆ ಬಾಣ 16,000 ಚುಕ್ಕಿ ಓಡುತ್ತೆ. ನನ್ನ ಪರದೆಯ ಅಗಲವೇ 1920 ಚುಕ್ಕಿ. ಅಂದ್ರೆ ಎಂಟು ಪರದೆ ದಾಟಿ ಪಕ್ಕದ ಮನೆಗೆ ಹೋಗಬೇಕು ಅದು. ಗುಂಡು ಹಾರಿಸುವ ಗೇಮಿನಲ್ಲಿ ಪಳಗಿದವರೇ ಎಷ್ಟೋ ಜನ 400ಕ್ಕೋ 800ಕ್ಕೋ ಇಟ್ಟುಕೊಂಡಿರುತ್ತಾರೆ. ಆ ಹುಡುಗ ಬಿಲ್ ಹಾಕುತ್ತಿದ್ದದ್ದೂ ಬಣ್ಣ ಹೋದ ಮಾಮೂಲಿ ಮೌಸಿನಲ್ಲೇ.

ನಿಜವಾಗಿ ನೋಡಬೇಕಾದ್ದು ಕೈಗೆ ಕೂರುತ್ತಾ ಅನ್ನೋದನ್ನ. ಕೆಲವರು ಅಂಗೈ ಪೂರ್ತಿ ಊರುತ್ತಾರೆ, ಕೆಲವರು ಬೆರಳು ಮಡಚಿ ಹಿಡಿಯುತ್ತಾರೆ, ಕೆಲವರು ಬರೀ ಬೆರಳ ತುದಿಯಲ್ಲೇ ಆಡಿಸುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಆಕಾರ. ಹಿಡಿದು ನೋಡೋಣ ಅಂದ್ರೆ, "ಓಪನ್ ಮಾಡಿದ್ರೆ ತಗೊಳ್ಲೇಬೇಕು ಸಾರ್." ಕೊನೆಗೆ ಡಬ್ಬದ ಪ್ಲಾಸ್ಟಿಕ್ ಕಿಟಕಿಯ ಮೇಲೆ ಕೈಯಿಟ್ಟು ಅಂದಾಜು ಮಾಡಿದೆ. ಪಕ್ಕದಲ್ಲಿದ್ದ ಗಿರಾಕಿ ನಾನು ಆಣೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು.

ನನ್ನ ಕೈಗೇನೋ ಚೆನ್ನಾಗಿಯೇ ಕೂತಿತು. ಹೆಂಡತಿ ಎಡಚಿ. ಬಲಗೈಗೆಂದೇ ಬಾಗಿಸಿದ ಅದನ್ನು ಒಮ್ಮೆ ಹಿಡಿದು ನೋಡಿ, "ಇದ್ಯಾವ ಆರಾಮ?" ಅಂತ ವಾಪಸ್ ಇಟ್ಟಳು. ಅಪ್ಪನದು ಬೇರೆ ಕಥೆ. ಈ ಮೌಸಿನ ಎಡಮಗ್ಗುಲಲ್ಲಿ, ಹೆಬ್ಬೆರಳು ಊರುವ ಕಡೆಯೇ, ಎರಡು ಪುಟ್ಟ ಬಟನ್ ಇವೆ. ಒಂದನ್ನು ಒತ್ತಿದರೆ ಪುಟ ಹಿಂದಕ್ಕೆ ಹೋಗುತ್ತೆ. ಬೆಳಗ್ಗೆ ಹನ್ನೊಂದಕ್ಕೆ ಸ್ಲೀಪರ್ ತತ್ಕಾಲ್ ಶುರುವಾಯಿತು. ಅಪ್ಪ ಒಂದೊಂದೇ ಅಕ್ಷರ ಹುಡುಕಿ ಹೆಸರು, ವಯಸ್ಸು ತುಂಬಿಸಿ, ಲೋಯರ್ ಬರ್ತ್ ಆರಿಸಿ, ಉಸಿರು ಬಿಟ್ಟು ಹೆಬ್ಬೆರಳು ಊರಿದರು.

"ಏನೋ ಇದು! ಕೈ ಇಟ್ರೆ ಸಾಕು, ಹಿಂದಕ್ಕೆ ಓಡುತ್ತಲ್ಲೋ!"

ನಾನು ಓಡಿ ಬರುವಷ್ಟರಲ್ಲಿ ಮತ್ತೆ ತುಂಬಿಸಿ ಮತ್ತೆ ಊರಿದ್ದರು. ಆಮೇಲೆ ಸೆಟ್ಟಿಂಗ್ಸಿನಲ್ಲಿ ಆ ಬಟನ್ ಆಫ್ ಮಾಡಿದೆ, ಆದರೆ ಅಷ್ಟು ಹೊತ್ತಿಗೆ ವೇಟಿಂಗ್ ಲಿಸ್ಟ್ ಬಂದಾಗಿತ್ತು.

ಅಪ್ಪ ಬಸ್ಸಿನಲ್ಲೇ ಹುಬ್ಬಳ್ಳಿಗೆ ಹೋದರು. ಹೊರಡುವ ಮುಂಚೆ ಮೌಸಿನ ವೈರ್ ಕಿತ್ತು ಸುತ್ತಿಟ್ಟಿದ್ದರು. ಕಂಪ್ಯೂಟರ್ ಆಫ್ ಮಾಡಿದ ಮೇಲೂ ಅದರ ಬಣ್ಣಬಣ್ಣದ ಲೈಟು ಉರಿಯುತ್ತಲೇ ಇತ್ತಂತೆ, ಕರೆಂಟ್ ಬಿಲ್ ಯಾರು ಕಟ್ಟೋದು?