ಹೊಸ ಅಕ್ಕಿಯೂ ಹದಿಹರೆಯದ ಡ್ರ್ಯಾಗನ್ನೂ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಬರೆದಿರುವ ನನಗೆ ವಯಸ್ಸಿಗೂ ಬೆಲೆಗೂ ಇರುವ ಸಂಬಂಧವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಸುಗ್ಗಿಯಲ್ಲಿ ಬಂದ ಸೋನಾ ಮಸೂರಿಗೆ ಒಂದು ದರವಾದರೆ, ಅದೇ ಅಕ್ಕಿ ಗೋದಾಮಿನಲ್ಲಿ ಒಂದು ವರ್ಷ ಸುಮ್ಮನೆ ಮಲಗಿ ಎದ್ದ ಮೇಲೆ ಅದರ ದರವೇ ಬೇರೆ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೆಯದು ಅಗುಳಗುಳಾಗಿ ಅರಳುತ್ತದೆ. ಆದ್ದರಿಂದ ಚೀಲದ ಮೇಲೆ ‘ಹಳೆಯ ಅಕ್ಕಿ’ ಎಂದು ದಪ್ಪಕ್ಷರದಲ್ಲಿ ಬರೆಸುವುದು ನಮ್ಮ ಕುಲಧರ್ಮ. ಹೀಗಿರುವಾಗ, ತಮ್ಮನ ಮಗಳು ಎದೆಗವಚಿಕೊಂಡು ಬಂದ ಐನೂರು ಪುಟದ ಇಂಗ್ಲಿಷ್ ಕಾದಂಬರಿಯೊಂದರ ವಿಷಯದಲ್ಲಿ ಆಡಿದ ಮೊದಲ ಮಾತು ನನ್ನ ವ್ಯಾಪಾರಬುದ್ಧಿಯನ್ನು ತಲೆಕೆಳಗು ಮಾಡಿತು. ಕಥೆ ಏನು, ಬರೆದವರು ಯಾರು ಎಂದು ನಾನು ಕೇಳುವುದಕ್ಕೆ ಮೊದಲೇ ಅವಳು, “ದೊಡ್ಡಪ್ಪಾ, ಇದನ್ನ ಬರಿಯಾಕ ಶುರು ಮಾಡಿದಾಗ ಅವಗ ಬರೇ ಹದಿನೈದು ವರ್ಷಂತ!” ಎಂದಳು. ಹೊಸ ಅಕ್ಕಿ ಎಂಬುದನ್ನೇ ಹೆಗ್ಗಳಿಕೆಯೆಂದು ಸಾರಿ ಮಾರುವ ಪೇಟೆಯೂ ಲೋಕದಲ್ಲಿ ಉಂಟೆಂಬುದು ನನಗೆ ಅಂದು ತಿಳಿಯಿತು.

ಅವಳಿಗೂ ಹದಿನೈದೇ. ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮುಂದಿನ ತಾಪತ್ರಯವೆಲ್ಲ ಹುಟ್ಟಿದ್ದು ಅದರಿಂದ.

ಪುಸ್ತಕದ ಹೆಸರು ‘ಎರಗಾನ್’. ಬರೆದವನು ಕ್ರಿಸ್ಟೋಫರ್ ಪಾವೊಲಿನಿ, 1983ರಲ್ಲಿ ಹುಟ್ಟಿದವನು, ಶಾಲೆಗೆ ಹೋಗದೆ ಅಮೆರಿಕದ ಮೊಂಟಾನಾ ರಾಜ್ಯದ ಒಂದು ಕಣಿವೆಯಲ್ಲಿ ಮನೆಯಲ್ಲಿಯೇ ಓದಿ ಬೆಳೆದವನು. ಹೊಲದ ಮನೆಯ ಹುಡುಗನೊಬ್ಬನಿಗೆ ಕಾಡಿನಲ್ಲಿ ನೀಲಿ ಕಲ್ಲು ಸಿಗುತ್ತದೆ, ಅದು ಕಲ್ಲಲ್ಲ, ಡ್ರ್ಯಾಗನ್ನಿನ ಮೊಟ್ಟೆ. ಅಲ್ಲಿಂದ ಮುಂದೆ ರಾಜನ ದೂತರು, ಸುಟ್ಟ ಮನೆ, ಖಡ್ಗ, ಪ್ರಯಾಣ. 2002ರಲ್ಲಿ ಇದನ್ನು ಅಚ್ಚು ಹಾಕಿಸಿದವರು ಹುಡುಗನ ತಂದೆತಾಯಿಗಳೇ. ಮುಖಪುಟದ ಚಿತ್ರವನ್ನೂ ಒಳಗಿನ ನಕ್ಷೆಯನ್ನೂ ಅವನೇ ಬರೆದ. ಅಷ್ಟಕ್ಕೆ ನಿಲ್ಲಿಸದೆ, ರಾಜರ ಕಾಲದ ಉಡುಪು ತೊಟ್ಟುಕೊಂಡು, ಶಾಲೆಗಳಿಗೂ ಗ್ರಂಥಾಲಯಗಳಿಗೂ ಹೋಗಿ ನೂರಮೂವತ್ತಕ್ಕಿಂತ ಹೆಚ್ಚು ಸಲ ತನ್ನ ಪುಸ್ತಕದ ಬಗ್ಗೆ ತಾನೇ ಮಾತನಾಡಿದ. ರಜೆಗೆಂದು ಆ ಕಡೆ ಹೋಗಿದ್ದ ಕಾರ್ಲ್ ಹಿಯಾಸೆನ್ ಎಂಬ ಕಾದಂಬರಿಕಾರರ ಮಲಮಗನ ಕೈಗೆ ಪ್ರತಿಯೊಂದು ಸಿಕ್ಕಿ, ಅವನು ಮೆಚ್ಚಿ, ಆ ಮೆಚ್ಚುಗೆ ದೊಡ್ಡ ಪ್ರಕಾಶಕರನ್ನು ಮುಟ್ಟಿ, 2003ರಲ್ಲಿ ಪುಸ್ತಕ ಹೊಸ ವೇಷದಲ್ಲಿ ಲೋಕಕ್ಕೆ ಬಂತು. ಹವಾ ಎದ್ದದ್ದು ಆಮೇಲೆ.

ಈ ಉಡುಪಿನ ಸಂಗತಿಯನ್ನು ಓದಿದ ಮೇಲೆ ಆ ಹುಡುಗನ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು. ನಮ್ಮ ಕಡೆ ಜಾತ್ರೆಗಳಲ್ಲಿ ಕ್ಯಾಂಪು ಹಾಕುವ ನಾಟಕ ಕಂಪನಿಯವರು ಮಾಡುವುದು ಇದನ್ನೇ ಅಲ್ಲವೆ? ಮಧ್ಯಾಹ್ನದ ಬಿಸಿಲಿನಲ್ಲಿ ಧ್ವನಿವರ್ಧಕ ಕಟ್ಟಿದ ಜೀಪು ಓಣಿ ಓಣಿ ಸುತ್ತುತ್ತ, ‘ನೋಡಲು ಮರೆಯದಿರಿ, ಮರೆತು ನಿರಾಶರಾಗದಿರಿ’ ಎಂದು ಕೂಗುತ್ತದೆ. ಆ ಕೂಗನ್ನು ಯಾರೂ ಮೋಸವೆನ್ನುವುದಿಲ್ಲ, ಏಕೆಂದರೆ ರಾತ್ರಿ ರಂಗದ ಮೇಲೆ ಬೆವರು ಸುರಿಸುವವರೂ ಅವರೇ. ಡಂಗುರವನ್ನು ತಾನೇ ಹೊತ್ತು ನಡೆದವನ ಡಂಗುರ ಒಂದು ಬಗೆ. ಬರೆದವನ ವಯಸ್ಸನ್ನು ಕೇಳಿ ಬಾಯಿ ಚಪ್ಪರಿಸಿ, ಅದನ್ನು ಬೆನ್ನುಪುಟದಲ್ಲಿ ಕಥೆಗಿಂತ ಮೊದಲು ಕೂರಿಸುವ ಪೇಟೆಯವರದು ಇನ್ನೊಂದು ಬಗೆ.

ಹಂಗಾಮು ಮುಗಿದು ಗಿರಣಿಯಲ್ಲಿ ಪುರುಸೊತ್ತಿದ್ದ ದಿನಗಳಲ್ಲಿ ನಾನೂ ಅದನ್ನು ಓದಿದೆ. ನಮ್ಮಲ್ಲಿಗೆ ಬರುವ ಖರೀದಿದಾರರು ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ನಾಲ್ಕು ಕಾಳನ್ನು ಅಂಗೈಗೆ ಸುರಿದುಕೊಂಡು, ಒಂದನ್ನು ಹಲ್ಲಿನಲ್ಲಿ ಕಡಿದು ಇಡೀ ಲಾರಿಯ ಯೋಗ್ಯತೆಯನ್ನು ಹೇಳಿಬಿಡುತ್ತಾರೆ. ನಾನೂ ಹಾಗೆಯೇ ನಡುವೆ ಎಲ್ಲೋ ಚುಚ್ಚಿ ನೋಡಿದೆ, ಕಾಳು ಹಸಿಯೆನ್ನಿಸಿತು. ವಿಶೇಷಣಗಳು ಧಾರಾಳವಾಗಿದ್ದವು, ಗುಡ್ಡಗಳೆಲ್ಲ ಗಗನಚುಂಬಿಯಾಗಿದ್ದವು. ಮೊದಲಿನಿಂದ ಓದತೊಡಗಿದಾಗ, ಊರಿನಲ್ಲಿ ಕಥೆ ಹೇಳುವ ಮುದುಕ ಬಾಯಿ ತೆರೆದೊಡನೆಯೇ ಇವನು ಬರಿಯ ಕಥೆ ಹೇಳುವವನಲ್ಲ ಎಂಬುದು ಗೊತ್ತಾಗಿಹೋಯಿತು. ಹುಡುಗನಿಗೆ ಅವನು ಖಡ್ಗ ಕೊಟ್ಟಾಗ, ಇವನು ಹೆಚ್ಚು ದಿನ ಉಳಿಯುವುದಿಲ್ಲ ಎಂಬುದೂ ಗೊತ್ತಾಯಿತು. ಇಂಗ್ಲಿಷ್ ಕಾದಂಬರಿಕಾರ ಟೋಲ್ಕೀನ್‌ನ ಕುಬ್ಜರೂ ಕಿನ್ನರರೂ ಇಲ್ಲಿ ಬಾಡಿಗೆಗೆ ಬಂದಿದ್ದಾರೆ, ಬೆನ್ನೆಲುಬು ‘ಸ್ಟಾರ್ ವಾರ್ಸ್’ ಸಿನಿಮಾದ್ದು ಎಂದು ಅಲ್ಲಿಯ ವಿಮರ್ಶಕರು ಆಗಲೇ ಹೇಳಿದ್ದರು. ಅವರ ಮಾತು ಸುಳ್ಳಲ್ಲ. ಇದನ್ನೆಲ್ಲ ನಾನು ಲೆಕ್ಕ ಹಿಡಿದವನ ಗತ್ತಿನಲ್ಲಿ ತಮ್ಮನ ಮಗಳಿಗೆ ಒಪ್ಪಿಸಿದೆ. ಅವಳು ಮುಖ ಸಣ್ಣದು ಮಾಡಿಕೊಂಡು ಕೇಳಿ, ಕೊನೆಗೆ ಒಂದೇ ಮಾತು ಹೇಳಿದಳು: “ನೀವು ಅವೆಲ್ಲ ಮೊದಲ ನೋಡೀರಿ ದೊಡ್ಡಪ್ಪಾ. ನನಗ ಇದ ಮೊದಲು.”

ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಪೂರ್ತಿ ಇಲ್ಲ. ನಾನು ಅವಳ ವಯಸ್ಸಿನವನಾಗಿದ್ದಾಗ ಬಸ್ ನಿಲ್ದಾಣದ ಅಂಗಡಿಯಲ್ಲಿ ತಿಂಗಳು ತಿಂಗಳೂ ‘ಚಂದಮಾಮ’ಕ್ಕೆ ಕಾಯುತ್ತಿದ್ದೆ. 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿ, ಎರಡು ವರ್ಷದ ಮೇಲೆ ಕನ್ನಡಕ್ಕೂ ಬಂದ ಪತ್ರಿಕೆ ಅದು. ಅದರ ಧಾರಾವಾಹಿಗಳಲ್ಲಿ ಮಾಂತ್ರಿಕನ ಜೀವ ಎಲ್ಲಿಯೋ ಬೇರೆ ಕಡೆ ಅಡಗಿರುತ್ತಿತ್ತು, ರಾಜಕುಮಾರ ದನ ಕಾಯುವವರ ಮನೆಯಲ್ಲಿ ಬೆಳೆಯುತ್ತಿದ್ದ. ಈ ಸರಕು ಎಲ್ಲಿಂದ ಬಂತು, ಇದು ಎಷ್ಟನೆಯ ಕೈ ಎಂದು ನಾನು ಒಂದು ದಿನವಾದರೂ ಕೇಳಿದ್ದುಂಟೆ? ದೊಡ್ಡವರ ಸಂಗತಿಯಂತೂ ಇನ್ನೂ ವಿಚಿತ್ರ. ಆನೆಗೊಂದಿಯೇ ಕಿಷ್ಕಿಂಧೆಯೆಂದು ನಂಬಿರುವ ಈ ಸೀಮೆಯಲ್ಲಿ, ಬಯಲಾಟದ ವಾಲಿ ಬೆಳಗಿನ ಜಾವಕ್ಕೆ ಸಾಯುತ್ತಾನೆಂಬುದು ಕೂಸಿಗೂ ಗೊತ್ತು. ಹಾಗೆಂದು ಯಾರೂ ಮಧ್ಯರಾತ್ರಿಗೆ ಎದ್ದು, ‘ಇದು ವಾಲ್ಮೀಕಿಯಿಂದ ಕದ್ದದ್ದು’ ಎಂದು ಕಂಬಳಿ ಜಾಡಿಸಿಕೊಂಡು ಮನೆಗೆ ಹೋಗುವುದಿಲ್ಲ. ನಮ್ಮ ನೆರೆಯ ಗದುಗಿನ ಕುಮಾರವ್ಯಾಸ ‘ತಿಣುಕಿದನು ಫಣಿರಾಯ ರಾಮಾಯಣದ ಕವಿಗಳ ಭಾರದಲಿ’ ಎಂದು ಗೊಣಗಿ, ಆ ಕಥೆಯಲ್ಲಿ ‘ಕಾಲಿಡಲು ತೆರಪಿಲ್ಲ’ವೆಂದು ಪಕ್ಕಕ್ಕೆ ಸರಿದು, ಕೈಗೆತ್ತಿಕೊಂಡದ್ದಾದರೂ ಏನು? ಅಷ್ಟೇ ಹಳೆಯ ಮಹಾಭಾರತವನ್ನು! ಇಂದು ಪುಸ್ತಕದಂಗಡಿಯ ಕಪಾಟಿನ ಮುಂದೆ ನಿಂತರೆ ಭೂಮಿ ಹೊತ್ತ ಆ ಫಣಿರಾಯನ ಪಾಡನ್ನು ನೆನೆದು ಮರುಕವಾಗುತ್ತದೆ. ಪಾಪ, ಅವನೀಗ ತಿಣುಕುತ್ತಿರುವುದು ರೆಕ್ಕೆ ಬಂದ ತನ್ನ ಬಂಧುಗಳ ಭಾರದಲ್ಲಿಯೇ.

ಆದ್ದರಿಂದ ಎರವಲು ತಂದದ್ದು ಎಂಬ ಆರೋಪವನ್ನು ನಾನು ಕೈಬಿಟ್ಟೆ. ವಯಸ್ಸಿನ ವಿಷಯವನ್ನು ಮಾತ್ರ ಬಿಡಲಾಗಲಿಲ್ಲ. ಏಕೆಂದರೆ ನಮ್ಮಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ಪ್ರಸಂಗ ನಡೆದುಹೋಗಿದೆ. ಉಡುಪಿಯಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುವ ಮೇಷ್ಟ್ರಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ, ಹುಟ್ಟಿದ್ದು 1870ರಲ್ಲಿ. ಇಪ್ಪತ್ತೈದರ ಆಸುಪಾಸಿನಲ್ಲಿ ಅವನು ‘ಅದ್ಭುತ ರಾಮಾಯಣ’ ಬರೆದ. ಸಾವಿರ ತಲೆಯ ರಾವಣನೊಬ್ಬ ಬಂದು, ರಾಮನ ಕೈಲಾಗದೆ, ಸೀತೆಯೇ ರೌದ್ರರೂಪ ತಾಳಿ ಅವನನ್ನು ಕೊಲ್ಲುವ ಕಥೆ. ಇದಕ್ಕಿಂತ ದೊಡ್ಡ ಡ್ರ್ಯಾಗನ್ನನ್ನು ಯಾವ ಹದಿಹರೆಯದವನು ಸಾಕಿದ್ದಾನು? ಇಷ್ಟಾದರೂ ಆ ಯುವಕ ತನ್ನ ಕೃತಿಗಳನ್ನು ಮೈಸೂರಿನ ಪತ್ರಿಕೆಗೆ ಕಳಿಸುವಾಗ, ಇವು ಹಿಂದಿನ ಕಾಲದ ಕವಿಯೊಬ್ಬನವೆಂದು ಹೇಳಿ ಕಳಿಸಿದ. ತನ್ನಂಥ ಎಳೆಯನ ಹೆಸರಿದ್ದರೆ ಪಂಡಿತರು ಮೂಸಿಯೂ ನೋಡಲಾರರು ಎಂಬ ಅಳುಕು. ಭಾಷೆಗೂ ಹಳಗನ್ನಡದ ಹದ ಕೊಟ್ಟಿದ್ದ. ನಮ್ಮ ಗಿರಣಿಗಳಲ್ಲಿ ಹೊಸ ಭತ್ತಕ್ಕೆ ಹಬೆ ಕೊಟ್ಟು, ಅನ್ನ ಹಳೆಯದರಂತೆ ಉದುರಾಗುವ ಹಾಗೆ ಮಾಡುವ ಒಂದು ಉಪಾಯವಿದೆ. ಮುದ್ದಣ ಮಾಡಿದ್ದು ಅದನ್ನೇ, ಮತ್ತು ಎಷ್ಟು ಚೆನ್ನಾಗಿ ಮಾಡಿದನೆಂದರೆ ಪೇಟೆಯವರು ನಂಬಿಬಿಟ್ಟರು. ಅವು ಅವನವೇ ಎಂಬುದು ಓದುಗರಿಗೆಲ್ಲ ಖಚಿತವಾಗುವ ಹೊತ್ತಿಗೆ ಅವನಿರಲಿಲ್ಲ. 1901ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡಿದ್ದ. ಒಬ್ಬನಿಗೆ ಹದಿನೈದು ಎಂಬುದೇ ಕಿರೀಟ, ಇನ್ನೊಬ್ಬನಿಗೆ ಇಪ್ಪತ್ತೈದು ಎಂಬುದು ಬಚ್ಚಿಡಬೇಕಾದ ತಪ್ಪು. ಎರಡು ಕಡೆಯೂ ಪೇಟೆ ನೋಡಿದ್ದು ಚೀಲದ ಮೇಲಿನ ಬರಹವನ್ನು.

ಎಳೆಯ ಕೈಗೆ ಗಟ್ಟಿ ಪುಸ್ತಕ ಬರೆಯಲಾಗದು ಎಂದು ಇದರ ಅರ್ಥವಲ್ಲ. ಮೇರಿ ಶೆಲ್ಲಿ ‘ಫ್ರಾಂಕೆನ್‌ಸ್ಟೈನ್’ ಆರಂಭಿಸಿದಾಗ ಅವಳಿಗೆ ಹದಿನೆಂಟು. 1818ರಲ್ಲಿ ಅದು ಹೊರಬಂದಾಗ ವಯಸ್ಸಿರಲಿ, ಹೆಸರೂ ಮುಖಪುಟದ ಮೇಲಿರಲಿಲ್ಲ. ಇನ್ನೂರು ವರ್ಷದಿಂದ ಆ ಅಕ್ಕಿ ಹುಳ ಹಿಡಿಯದೆ ಉಳಿದಿದೆ.

ಇನ್ನು ‘ಎರಗಾನ್’ಗೆ ಸಿಕ್ಕಿದ ಹವಾ ತಕ್ಕುದೋ ಅಲ್ಲವೋ ಎಂದು ನನ್ನನ್ನೇ ಕೇಳಿದರೆ, ಗುಮಾಸ್ತನ ಭಾಷೆಯಲ್ಲಿ ಹೇಳುತ್ತೇನೆ: ಹದಿನಾರಾಣೆಯಲ್ಲಿ ಹತ್ತಾಣೆ ಪುಸ್ತಕದ್ದು, ಆರಾಣೆ ವಯಸ್ಸಿನದು. ಆ ಹತ್ತಾಣೆಯನ್ನು ಕೊಟ್ಟದ್ದು ಗುಡ್ಡಗಳಿಗಾಗಿ ಮತ್ತು ಆ ಡ್ರ್ಯಾಗನ್ನಿಗಾಗಿ. ಮೊದಲು ನಾನು ನಕ್ಕಿದ್ದ ಗುಡ್ಡಗಳೇ ಅವು. ಹಿಮ, ಇಳಿಜಾರು, ಕಾಡಿನಲ್ಲಿ ಬೇಟೆಯ ಹೆಜ್ಜೆ ಹಿಡಿದು ಹೋಗುವ ಹುಡುಗ, ಇವು ಬಂದ ಕಡೆ ಬರವಣಿಗೆಗೆ ಕಾಲು ಊರಲು ನೆಲ ಸಿಗುತ್ತದೆ. ಮೊಂಟಾನಾದ ಬೆಟ್ಟಗಳ ಮಗ್ಗುಲಲ್ಲಿ ಬೆಳೆದವನಿಗೆ ಅವನ್ನು ಯಾವ ಪುಸ್ತಕವೂ ಕಲಿಸಿಕೊಡಬೇಕಾಗಿರಲಿಲ್ಲ. ಅರಮನೆ, ರಾಜ್ಯಭಾರ, ಸಾವಿರ ವರ್ಷದ ಇತಿಹಾಸ ಬಂದ ಕಡೆ ಮಾತ್ರ ನನ್ನೊಳಗಿನ ಲೆಕ್ಕದವನು ಎದ್ದು ಕೂರುತ್ತಾನೆ. ಈ ಸೈನ್ಯಕ್ಕೆ ದಿನಕ್ಕೆ ಎಷ್ಟು ಮೂಟೆ ಧಾನ್ಯ ಬೇಕು, ಅದನ್ನು ಬೆಳೆಯುವವರು ಎಲ್ಲಿದ್ದಾರೆ, ಕಾಲುವೆ ಯಾವ ಕಡೆ? ಟೋಲ್ಕೀನ್ ತನ್ನ ಲೋಕದ ಭಾಷೆಗಳನ್ನೇ ವರ್ಷಗಟ್ಟಲೆ ಕಟ್ಟಿ, ‘ಹಾಬಿಟ್’ ಹೊರತಂದದ್ದು 1937ರಲ್ಲಿ, ನಲವತ್ತೈದು ದಾಟಿದ ಮೇಲೆ. ಉಂಗುರಗಳ ದೊಡ್ಡ ಕಥೆ ಅಚ್ಚಾಗುವಾಗ ಅರವತ್ತು ಮೀರಿತ್ತು. ಅಷ್ಟು ದಿನ ಗೋದಾಮಿನಲ್ಲಿ ಕಾಯಿರಿ ಎಂದು ಹದಿನೈದರವರಿಗೆ ಹೇಳುವ ಹಾಗಿಲ್ಲ. ಪಾವೊಲಿನಿಯ ನಾಲ್ಕನೆಯ ಭಾಗ 2011ರಲ್ಲಿ ಬಂದಾಗ ಅವನಿಗೆ ಇಪ್ಪತ್ತೆಂಟು ತುಂಬುವುದರಲ್ಲಿತ್ತು. ಇಪ್ಪತ್ತೆಂಟರವನು ಪುಸ್ತಕ ಬರೆದ ಎಂದರೆ ಯಾರ ಬಾಯಿಯೂ ತೆರೆಯುವುದಿಲ್ಲ. “ಡ್ರ್ಯಾಗನ್ನು ಏನು ತಿನ್ನುತ್ತದೆ?” ಎಂದು ನಾನು ಕೇಳಿದಾಗ ತಮ್ಮನ ಮಗಳು ನನ್ನನ್ನು ಕನಿಕರದಿಂದ ನೋಡಿ, “ಜಿಂಕಿ ಹಿಡಕೊಂಡು ತಿಂತೈತಿ, ಓದಿಲ್ಲೇನು?” ಎಂದಳು.

ಆ ಆರಾಣೆಯ ವಯಸ್ಸೇ ನಮ್ಮ ಮನೆಗೆ ತಾಪತ್ರಯ ತಂದದ್ದು. ಅವಳೂ ಒಂದು ಕಾದಂಬರಿ ಬರೆಯಲು ಕೂತಿದ್ದಾಳೆಂಬುದು ಗಣಿತದ ನೋಟುಬುಕ್ಕಿನ ಹಿಂಬದಿಯಿಂದ ಬಯಲಾಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಿದೆ, ಅವಳ ತಾಯಿಯ ಸಿಟ್ಟನ್ನು ನಾನು ಬಣ್ಣಿಸಬೇಕಾಗಿಲ್ಲ. ನನಗೆ ಓದಲು ಕೊಟ್ಟಳು. ಮೊದಲ ಪುಟದಲ್ಲಿಯೇ ಹಿಮ ಬೀಳುತ್ತಿತ್ತು, ಪೈನ್ ಮರಗಳು ತೂಗುತ್ತಿದ್ದವು. ಬರೆದವಳು ಹುಟ್ಟಿದಾಗಿನಿಂದ ಕಂಡ ಅತ್ಯಂತ ತಣ್ಣನೆಯ ವಸ್ತುವೆಂದರೆ ಜಾತ್ರೆಯ ಐಸ್‌ಕ್ಯಾಂಡಿ. ನನ್ನನ್ನು ಕಾಡಿದ್ದು ಅದಲ್ಲ, ಅವಳ ಅವಸರ. “ಜೂನದಾಗ ನನಗ ಹದಿನಾರು ತುಂಬತಾವು ದೊಡ್ಡಪ್ಪಾ. ಆಮೇಲೆ ಬರದ್ರ ಏನ್ ಬಂತು?” ಎಂದಳು. ಹದಿನೈದರಲ್ಲಿ ಆರಂಭಿಸಿದರೆ ಸಾಲದಂತೆ, ಹದಿನೈದರಲ್ಲಿಯೇ ಮುಗಿಯಬೇಕಂತೆ. ಸರಕು ಹಳತಾದಷ್ಟೂ ಮುಗುಳುನಗುವ ಧಣಿಗಳನ್ನೇ ಕಂಡ ನನಗೆ, ಬರುವ ಹುಟ್ಟುಹಬ್ಬವನ್ನು ಸಾಲದ ಕಂತಿನಂತೆ ಎಣಿಸುವ ಹುಡುಗಿಯನ್ನು ಕಂಡು ನಗಬೇಕೋ ಮರುಗಬೇಕೋ ತಿಳಿಯಲಿಲ್ಲ. ಹವಾ ತಕ್ಕುದೇ ಎಂದು ಕೇಳುವವರು ಈ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು.

ಪುಷ್ಯಮಾಸದ ಒಂದು ರವಿವಾರ ಅವಳನ್ನು ಹಿರೇಬೆಣಕಲ್ಲಿಗೆ ಕರೆದುಕೊಂಡು ಹೋದೆ. ಗಂಗಾವತಿಗೆ ಕೂಗಳತೆಯ ಊರು. ಗುಡ್ಡ ಹತ್ತಿದರೆ ಎರಡು ಸಾವಿರ ವರ್ಷಕ್ಕೂ ಹಿಂದಿನ ನಾನ್ನೂರರಷ್ಟು ಶಿಲಾಸಮಾಧಿಗಳು ಚೆಲ್ಲಿಕೊಂಡಿವೆ. ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಅದರ ಹೆಸರು ಸೇರಿದ್ದು 2021ರಲ್ಲಿ. ನಮ್ಮವರಿಗೆ ಅದು ಮೋರ್ಯರ ಗುಡ್ಡ: ಗೇಣುದ್ದದ ಮನುಷ್ಯರಿದ್ದರಂತೆ, ಅವರು ಕಟ್ಟಿಕೊಂಡ ಮನೆಗಳಂತೆ ಇವು. ಮೂರು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಮುಂದಿನ ಚಪ್ಪಡಿಯಲ್ಲಿ ತಟ್ಟೆಯಗಲದ ದುಂಡನೆಯ ತೂತು. ಬಾಡಿಗೆಯ ಕುಬ್ಜರಿಗೆ ಬದಲಾಗಿ ಊರಿನವರನ್ನೇ ತೋರಿಸೋಣವೆಂಬ ಹಂಚಿಕೆ ನನ್ನದಾಗಿತ್ತು. ಅದನ್ನು ಅವಳು ಬಸ್ಸಿನಲ್ಲಿಯೇ ಊಹಿಸಿ, ಮುಖ ಗಂಟು ಹಾಕಿಕೊಂಡೇ ಗುಡ್ಡ ಹತ್ತಿದ್ದಳು. ನಗಾರಿ ಗುಂಡೆಂಬ ಬಂಡೆಗೆ ಕಟ್ಟಿಗೆಯಿಂದ ಒಂದೇಟು ಹಾಕಿ, ಅದರ ದನಿ ಕೇಳಿದಾಗಲೂ ಅವಳು ಏನೂ ಮಾತನಾಡಲಿಲ್ಲ.

ಆಮೇಲೆ ಒಂದು ಕಲ್ಮನೆಯ ಮುಂದೆ ಮೊಳಕಾಲೂರಿ ಕೂತು, ತೂತಿನೊಳಗೆ ತೋಳು ತೂರಿಸಿ, ಒಳಗಿನ ಕತ್ತಲನ್ನು ತಡವಿದಳು. ಅಂಗೈಗೆ ಹತ್ತಿದ ಮಣ್ಣನ್ನು ಲಂಗಕ್ಕೆ ಒರೆಸಿಕೊಂಡಳು. ಹಿಂದಿರುಗಿ ನೋಡಿ, ಬಂಡೆಯ ನಡುವೆ ನೀರು ನಿಂತಿದ್ದ ಹೊಂಡಕ್ಕೂ ಆ ಬಾಗಿಲಿಗೂ ಇರುವ ದೂರವನ್ನು ಕಣ್ಣಿನಲ್ಲಿಯೇ ಅಳೆದು, ಮತ್ತೆ ತೂತಿನ ಸುತ್ತ ಬೆರಳಾಡಿಸಿ ಹೇಳಿದಳು:

“ದೊಡ್ಡಪ್ಪಾ, ಅಲ್ಲಿಂದ ನೀರು ತರತಿದ್ರು ಅಂತ ಇಟ್ಕೊಳ್ರಿ. ಇಷ್ಟ ಸಣ್ಣ ಬಾಗಿಲದಾಗ ಕೊಡ ಹೆಂಗ ಒಳಗ ಒಯ್ತಿದ್ರು?”